ಬೇಸಿಗೆಯ ತಂಪಿಗೆ ನೀರು ಬೆರೆಸದ ಹಣ್ಣಿನ ಐಸ್

ಮಾರ್ಚ್ ಅರ್ಧ ಕಳೆಯುವಷ್ಟರಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬೀದಿಗಳು ಮಧ್ಯಾಹ್ನ ಹನ್ನೆರಡಕ್ಕೇ ಬಿಕೋ ಎನ್ನತೊಡಗುತ್ತವೆ. ಏಪ್ರಿಲ್ ಬಂತೆಂದರೆ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ರಾಯಚೂರು ಜಿಲ್ಲೆಯಲ್ಲಿ ಸುದ್ದಿಯೇ ಅಲ್ಲ. ಆ ಉರಿಬಿಸಿಲಿನಲ್ಲಿ ಹೊರಗೆ ಕಾಣಿಸುವವರು ಐಸ್ ಕ್ಯಾಂಡಿ ಗಾಡಿಯವನು, ಮತ್ತು ಅವನ ಗಂಟೆಯ ಸದ್ದಿಗೆ ಕಾಲಿಗೆ ಚಪ್ಪಲಿ ಕೂಡ ಮೆಟ್ಟದೆ ಓಡಿಬರುವ ಮಕ್ಕಳು. ಸಂಜೆ ಅದೇ ಮಕ್ಕಳನ್ನು ಕೈಹಿಡಿದು ಎಳೆತಂದು ವೈದ್ಯರ ಮುಂದೆ ಕೂರಿಸುವ ತಾಯಂದಿರ ದೂರು ಪ್ರತಿ ವರ್ಷವೂ ಒಂದೇ: "ಐಸ್ ತಿನ್ನಬ್ಯಾಡ ಅಂತ ನೀವಾದ್ರೂ ಹೇಳ್ರಿ ಸಾಹೇಬ್ರ."

ನನ್ನ ಉತ್ತರ ಅವರಿಗೆ ನಿರಾಸೆ ಉಂಟುಮಾಡುತ್ತದೆ. ತಿನ್ನಲಿ ಎನ್ನುತ್ತೇನೆ. ಆದರೆ ಮನೆಯಲ್ಲಿ ಮಾಡಿದ್ದನ್ನು ತಿನ್ನಲಿ, ಮತ್ತು ನೀವು ಅದಕ್ಕೆ ಒಂದು ತೊಟ್ಟು ನೀರನ್ನೂ ಬೆರೆಸದೆ ಮಾಡಿಕೊಡಿ ಎನ್ನುತ್ತೇನೆ. ಈ ಎರಡನೆಯ ಮಾತಿನ ಮೇಲೆಯೇ ಈ ವಾರ ಬರೆಯಬೇಕೆನಿಸಿತು.

ಮೊದಲು ಗಂಟಲಿನ ವಿಚಾರ ಮುಗಿಸಿಬಿಡೋಣ. ತಣ್ಣಗಿನ ಪದಾರ್ಥ ತಿಂದರೆ ನೆಗಡಿ, ಗಂಟಲು ನೋವು, ಜ್ವರ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ನೆಗಡಿ ಬರುವುದು ವೈರಾಣುವಿನಿಂದ. ಗಂಟಲು ಕೀವಾಗುವುದು ಸೂಕ್ಷ್ಮಾಣುಗಳಿಂದ. ತಂಪು ತಾನಾಗಿಯೇ ಯಾವ ರೋಗವನ್ನೂ ಹುಟ್ಟಿಸಲಾರದು. ಉಬ್ಬಸವಿರುವ ಕೆಲವು ಮಕ್ಕಳಿಗೆ ತೀರ ತಣ್ಣಗಿನ ಪದಾರ್ಥದಿಂದ ಕೆಮ್ಮು ಕೆರಳುವುದುಂಟು. ಅಂಥ ಮಕ್ಕಳ ತಾಯಂದಿರಿಗೆ ಅದು ಅನುಭವದಿಂದಲೇ ಗೊತ್ತಿರುತ್ತದೆ. ಉಳಿದವರು ಹೆದರಬೇಕಾದದ್ದು ಐಸಿನ ತಂಪಿಗಲ್ಲ, ಅದರಲ್ಲಿರುವ ನೀರಿಗೆ.

ನಮ್ಮ ಭಾಗದ ನೀರಿನ ಕತೆ ನಿಮಗೆ ಹೊಸತೇನಲ್ಲ. ಸಿಂಧನೂರು, ಮಸ್ಕಿ ಕಡೆಯ ಅನೇಕ ಊರುಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರೇ ಜೀವಾಧಾರ. ಕಾಲುವೆ ನಿಂತ ಮೇಲೆ ಕೆರೆಯಲ್ಲಿ ಕೂಡಿಟ್ಟ ನೀರೇ ಗತಿ. ಬಿಸಿಲು ಏರಿದಂತೆ ಕೆರೆಯ ಮಟ್ಟ ಇಳಿಯುತ್ತದೆ, ನೀರು ಹಸಿರಾಗುತ್ತದೆ. ನಲ್ಲಿ ದಿನ ಬಿಟ್ಟು ದಿನವೋ, ಅದಕ್ಕಿಂತ ತಡವಾಗಿಯೋ ಬರುತ್ತದೆ. ಕೊಳವೆ ಖಾಲಿಯಾದ ಹೊತ್ತಿನಲ್ಲಿ ಚರಂಡಿಯ ನೀರು ಒಡಕಿನ ಮೂಲಕ ಒಳಗೆ ಸೇರುತ್ತದೆ. ಕೊಳವೆಬಾವಿಯ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಅದರಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. 2022ರ ಮೇ, ಜೂನ್ ತಿಂಗಳುಗಳಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ವಾಂತಿಭೇದಿಯಿಂದ ಹಲವರು ಪ್ರಾಣ ಬಿಟ್ಟದ್ದನ್ನು ಮರೆಯುವಂತಿಲ್ಲ. ಜಿಲ್ಲಾಕೇಂದ್ರದ ಪಾಡೇ ಹೀಗಾದರೆ, ಯಾರ ಕಣ್ಣಿಗೂ ಬೀಳದ ಮೂಲೆಯ ಶೆಡ್ಡಿನಲ್ಲಿ ಗಡ್ಡೆಕಟ್ಟುವ ಐಸಿಗೆ ಯಾವ ನೀರು ಸುರಿಯುತ್ತಾರೆಂದು ಕೇಳುವವರು ಯಾರು?

ಕಾಯಿಸಿ ಆರಿಸಿದ ನೀರನ್ನೇ ಕುಡಿಯುವ, ಬಸ್ಸಿನಲ್ಲಿ ಹೋಗುವಾಗಲೂ ಮನೆಯ ಬಾಟಲಿ ಒಯ್ಯುವ ಎಚ್ಚರದ ಜನ ಕೂಡ ಐಸಿನ ವಿಷಯದಲ್ಲಿ ಎಡವುತ್ತಾರೆ. ಅಷ್ಟು ಚಳಿಯಲ್ಲಿ ಕ್ರಿಮಿ ಬದುಕೀತೆ ಎಂಬುದು ಅವರ ಎಣಿಕೆ. ಬದುಕುತ್ತದೆ. ಪ್ರಯೋಗಾಲಯದವರು ಸೂಕ್ಷ್ಮಾಣುಗಳನ್ನು ವರ್ಷಗಟ್ಟಲೆ ಕಾಪಾಡಿ ಇಡುವುದು ಯಾವುದರಲ್ಲಿ ಗೊತ್ತೆ? ಶೀತಲ ಪೆಟ್ಟಿಗೆಯಲ್ಲಿ! ಹೆಪ್ಪುಗಟ್ಟಿಸಿದಾಗ ಕೆಲವು ಕ್ರಿಮಿಗಳು ಸಾಯುತ್ತವೆ, ಮಿಕ್ಕವು ನಿದ್ದೆಹೋಗುತ್ತವೆ. ನಿಮ್ಮ ಹೊಟ್ಟೆಯ ಬೆಚ್ಚನೆಯ ಜಾಗ ಸಿಕ್ಕೊಡನೆ ಎದ್ದು ಕೂರುತ್ತವೆ. ವಿಷಮಶೀತಜ್ವರದ ರೋಗಾಣು, ಕಾಲರಾ ರೋಗಾಣು, ಕಾಮಾಲೆ ತರುವ ಹೆಪಟೈಟಿಸ್ 'ಎ' ವೈರಾಣು, ಈ ಮೂರೂ ಐಸಿನಲ್ಲಿ ಪ್ರಯಾಣ ಮಾಡಬಲ್ಲವು.

ಕಾಮಾಲೆಯ ಬಗ್ಗೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು. ಹೆಪಟೈಟಿಸ್ 'ಎ' ವೈರಾಣು ದೇಹ ಸೇರಿದ ಮೇಲೆ ರೋಗಲಕ್ಷಣ ಕಾಣಿಸಲು 15ರಿಂದ 50 ದಿನ ಬೇಕು. ಸರಾಸರಿ ನಾಲ್ಕು ವಾರ. ಕಣ್ಣು ಹಳದಿಯಾದ ದಿನ ಮನೆಯವರು ನಿನ್ನೆಯ ಬದನೆಕಾಯಿ ಪಲ್ಯವನ್ನೋ ಮೊನ್ನೆಯ ಮಾವಿನಹಣ್ಣಿನ ಉಷ್ಣವನ್ನೋ ದೂರುತ್ತಾರೆ. ಒಂದು ತಿಂಗಳ ಹಿಂದೆ ಯಾರದೋ ಮದುವೆಯಲ್ಲಿ ಕುಡಿದ, ಐಸ್ ತೇಲುತ್ತಿದ್ದ ಶರಬತ್ತು ಯಾರ ನೆನಪಿಗೂ ಬರುವುದಿಲ್ಲ. ನನಗೇ ಹೀಗಾಗಿದೆ. ಓದುವ ದಿನಗಳಲ್ಲಿ ನೆಂಟರ ಮನೆಯ ಮದುವೆಯಲ್ಲಿ ಮೂರು ಲೋಟ ಕಲ್ಲಂಗಡಿ ರಸ ಕುಡಿದು ಬಂದೆ. ಮುಂದಿನ ತಿಂಗಳು ಪರೀಕ್ಷೆಯ ಹೊತ್ತಿಗೆ ಹಾಸಿಗೆ ಹಿಡಿದೆ. ಅದೇ ಮದುವೆಗೆ ಬಂದಿದ್ದ ಇನ್ನೂ ನಾಲ್ಕು ಮಂದಿಗೆ ಅದೇ ವಾರ ಕಾಮಾಲೆ ಎಂದು ಗೊತ್ತಾದಾಗಲೇ ಲೆಕ್ಕ ಕೂಡಿಬಂದದ್ದು. ತೊಟ್ಟಿಯಷ್ಟು ದೊಡ್ಡ ಪಾತ್ರೆಯಲ್ಲಿ ರಸದ ನಡುವೆ ಗೋಣಿಚೀಲದಿಂದ ಬಿಡಿಸಿ ಹಾಕಿದ್ದ ಗಡ್ಡೆ ನನ್ನ ಕಣ್ಣಮುಂದೆಯೇ ಕರಗಿತ್ತು. ಚುಟಿಕೆ ಹಾಕಿಸಿದರೆ ಕಾಮಾಲೆ ಹೋಗುತ್ತದೆಂದು ಹಿರಿಯರೊಬ್ಬರು ಹಟ ಹಿಡಿದಿದ್ದರು. ನನ್ನ ತಾಯಿ ಬಾಗಿಲಿಗೆ ಅಡ್ಡ ನಿಂತದ್ದರಿಂದ ಕೈಮೇಲೆ ಆ ಗುರುತು ಉಳಿಯಲಿಲ್ಲ. ಈ ಕಾಮಾಲೆ ಬಹುಪಾಲು ಜನರಿಗೆ ವಿಶ್ರಾಂತಿಯಿಂದ ತಾನೇ ವಾಸಿಯಾಗುವಂಥದು. ಬರೆ ಹಾಕಿಸಿದರೆ ಸಿಗುವುದು ಹುಣ್ಣು ಮಾತ್ರ.

ದೂರದ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2013ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ 160ಕ್ಕೂ ಹೆಚ್ಚು ಜನರಿಗೆ ಹೆಪಟೈಟಿಸ್ 'ಎ' ಬಂತು. ಮೂಲ ಹುಡುಕುತ್ತ ಹೋದಾಗ ಸಿಕ್ಕಿದ್ದು ತುರ್ಕಿಯಿಂದ ಆಮದಾದ, ಹೆಪ್ಪುಗಟ್ಟಿಸಿದ ದಾಳಿಂಬೆ ಕಾಳು. ಅಷ್ಟು ಶುಚಿ, ಅಷ್ಟು ಕಾಯಿದೆ ಇರುವ ದೇಶದಲ್ಲಿ, ಅಚ್ಚುಕಟ್ಟಾಗಿ ಚೀಲ ಕಟ್ಟಿ ಮಾರಿದ ಹಣ್ಣಿನಲ್ಲೇ ವೈರಾಣು ತಿಂಗಳುಗಟ್ಟಲೆ ಶೀತದಲ್ಲಿ ಕುಳಿತು ಸಮುದ್ರ ದಾಟಿತು. ಹೀಗಾಗಿ 'ಹಣ್ಣು, ಅದೂ ಫ್ರಿಜ್ಜಿನದು' ಎಂಬ ಭರವಸೆ ಸಾಲದು. ಅದನ್ನು ಬಿಡಿಸಿದ ಕೈ, ತೊಳೆದ ನೀರು ಎರಡೂ ಲೆಕ್ಕಕ್ಕೆ ಬರುತ್ತವೆ.

ಇನ್ನು ನಮ್ಮ ಪೇಟೆಯ ಐಸ್. ಐಸ್ ಕಾರ್ಖಾನೆಯ ದೊಡ್ಡ ಗಡ್ಡೆಗಳಲ್ಲಿ ಹೆಚ್ಚಿನವು ಮೀನು ಸಾಗಿಸಲಿಕ್ಕೆ, ಸರಕು ಕೆಡದಂತಿಡಲಿಕ್ಕೆ ತಯಾರಾಗುವಂಥವು. ತಿನ್ನಲಿಕ್ಕಲ್ಲ. ಗಡ್ಡೆಯ ಮೇಲೆ ಹೆಸರು, ದಿನಾಂಕ ಅಂಟಿಸಲು ಬರುವುದಿಲ್ಲವಾದ್ದರಿಂದ ಅದು ಕಬ್ಬಿನ ಹಾಲಿನ ಅಂಗಡಿಗೂ ಬರುತ್ತದೆ, ಲಸ್ಸಿಗೂ ಬೀಳುತ್ತದೆ. ಮಹಾರಾಷ್ಟ್ರದಲ್ಲಿ 2018ರಲ್ಲಿ ತಿನ್ನಲಾಗದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಆದೇಶ ಹೊರಟಿತು. ಬಿಳಿಯದು ತಿನ್ನುವುದಕ್ಕೆ, ನೀಲಿಯದು ಮೀನಿಗೆ. ಇಷ್ಟು ಸರಳವಾದ ಉಪಾಯವನ್ನು ನಮ್ಮ ಊರುಗಳಲ್ಲಿ ಕಟ್ಟುನಿಟ್ಟಾಗಿ ಜಾರಿಗೆ ತಂದರೆ ಐಸ್ ಕೊಳ್ಳುವ ಬಡ ಗಾಡಿಯವನಿಗೂ ತಾನು ಏನು ಕೊಳ್ಳುತ್ತಿದ್ದೇನೆಂದು ಗೊತ್ತಾದೀತು. ಗಾಡಿಯವನನ್ನು ನಾನು ಬಯ್ಯಲಾರೆ. ಅವನೂ ಅದೇ ಐಸ್ ತಿನ್ನುತ್ತಾನೆ, ಅವನ ಮಕ್ಕಳೂ ತಿನ್ನುತ್ತಾರೆ.

ಬಣ್ಣದ ಮಾತೂ ಇದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ರೋಡಮಿನ್-ಬಿಯಂಥ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ನೆನಪಿರಬಹುದು. 2025ರ ಬೇಸಿಗೆಯಲ್ಲಿ ಐಸ್ ಕ್ರೀಂ, ಐಸ್ ಕ್ಯಾಂಡಿ ತಯಾರಿಸುವ ಘಟಕಗಳ ತಪಾಸಣೆ ನಡೆದು ಅನೇಕರಿಗೆ ನೋಟಿಸು ಹೋಯಿತು. ತಪಾಸಣೆ ಒಳ್ಳೆಯದೇ. ಆದರೆ ಸಿಂಧನೂರಿನ ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿಯ ಪುರಸಭೆಗಳು ಪ್ರತಿ ಬೇಸಿಗೆ ಆರಂಭವಾಗುವ ಮುನ್ನ ತಮ್ಮ ವ್ಯಾಪ್ತಿಯ ಐಸ್ ಕಾರ್ಖಾನೆಗಳ ನೀರನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಕಚೇರಿಯ ಹೊರಗೆ ಅಂಟಿಸಿದರೆ ಅದರಿಂದ ಆಗುವ ಉಪಕಾರ ನೂರು ನೋಟಿಸುಗಳಿಗಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಅಶೋಕನ ಹೆಸರೇ ಸ್ಪಷ್ಟವಾಗಿರುವ ಶಾಸನ ಪತ್ತೆಯಾದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅದೇ ದೊರೆ ಬೇರೊಂದು ಶಾಸನದಲ್ಲಿ ತಾನು ಔಷಧಿಯ ಗಿಡಗಳನ್ನೂ ಹಣ್ಣಿನ ಗಿಡಗಳನ್ನೂ ನೆಡಿಸಿದ್ದಾಗಿ, ದಾರಿಬದಿ ಬಾವಿ ತೋಡಿಸಿದ್ದಾಗಿ ಹೇಳಿಕೊಂಡಿದ್ದಾನೆ. ಔಷಧಿ, ಹಣ್ಣು, ಕುಡಿಯುವ ನೀರು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆಡಳಿತಗಾರ ಎರಡು ಸಾವಿರ ವರ್ಷಗಳಿಗೂ ಹಿಂದೆ ಇದ್ದ!

ಇರಲಿ, ಪುರಸಭೆಯ ದಾರಿ ಕಾಯುತ್ತ ಕುಳಿತರೆ ಮಳೆಗಾಲವೇ ಬಂದುಬಿಡುತ್ತದೆ. ಮನೆಯಲ್ಲಿ ಮಾಡಬಹುದಾದದ್ದಕ್ಕೆ ಬರೋಣ.

ಹಣ್ಣಿನೊಳಗಿನ ನೀರು ಬೇರಿನಿಂದ ಸೋಸಿಕೊಂಡು ಬಂದು ಸಿಪ್ಪೆಯೊಳಗೆ ಮುಚ್ಚಿಟ್ಟ ನೀರು. ಕಲ್ಲಂಗಡಿಯ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ನೀರೇ. ಮಾವಿನಲ್ಲಿ 80ರ ಮೇಲೆ, ಬಾಳೆಯಲ್ಲಿ 75ರಷ್ಟು. ಇಷ್ಟು ನೀರು ಆಗಲೇ ಇರುವಾಗ ಮತ್ತೆ ನೀರು ಬೆರೆಸುವುದೇಕೆ? ಪಶ್ಚಿಮದವರು ಇಂಥ ತಿನಿಸನ್ನು ಸೋರ್ಬೆ ಎನ್ನುತ್ತಾರೆ. ಆ ಶಬ್ದವೂ ನಮ್ಮ ಶರಬತ್ತಿನ ಬಳಗದ್ದೇ. ನಮಗೆ ಹೊಸ ಹೆಸರು ಬೇಡ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೋಳಿಗೆ, ಚಪಾತಿಯ ಜೊತೆ ಬಡಿಸುವ ಮಾವಿನ ಸೀಕರಣೆ ಇದೆಯಲ್ಲ, ಅದನ್ನೇ ಹೆಪ್ಪುಗಟ್ಟಿಸಿದರಾಯಿತು.

ಒಂದು ಕಿಲೋ ಚೆನ್ನಾಗಿ ಕಳಿತ ಮಾವಿನ ಹಣ್ಣನ್ನು ಒಂದೆರಡು ಗಂಟೆ ನೀರಿನಲ್ಲಿ ನೆನೆಹಾಕಿ. ಉಷ್ಣ ಇಳಿಯುತ್ತದೆಂದು ಅಜ್ಜಿ ಹೇಳುತ್ತಿದ್ದ ಈ ಪದ್ಧತಿಯ ಮೇಲೆ ನನಗೆ ತಕರಾರಿಲ್ಲ. ತೊಟ್ಟಿನ ಸೊನೆ, ದೂಳು, ಹಣ್ಣು ಮಾಗಿಸಲು ಬಳಸಿದ ಪುಡಿ ಏನಾದರೂ ಅಂಟಿದ್ದರೆ ತೊಳೆದುಹೋಗುತ್ತದೆ. (ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದು ನಮ್ಮ ದೇಶದಲ್ಲಿ ನಿಷಿದ್ಧ. ಎಥಿಲೀನ್ ಅನಿಲದಿಂದ ಮಾಗಿಸಲು ಅನುಮತಿ ಇದೆ.) ಕೊನೆಯ ತೊಳೆತ ಕಾಯಿಸಿ ಆರಿಸಿದ ನೀರಿನಲ್ಲಿರಲಿ. ಕೈಯನ್ನು ಸೋಪು ಹಚ್ಚಿ ತೊಳೆದು, ಹಣ್ಣಿನ ರಸ, ತಿರುಳು ಹಿಂಡಿ. ಅರ್ಧ ಕಿಲೋಕ್ಕಿಂತ ತುಸು ಹೆಚ್ಚು ಸಿಗುತ್ತದೆ. ಅದಕ್ಕೆ ಎರಡು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಹಾಲು ಬೇಕೆನಿಸಿದರೆ ಕುದಿಸಿ ಪೂರ್ತಿ ಆರಿಸಿದ ಗಟ್ಟಿ ಹಾಲು ಒಂದು ಸಣ್ಣ ಬಟ್ಟಲು, ಆಗ ನಿಂಬೆರಸ ಬಿಟ್ಟುಬಿಡಿ. ಹಸಿ ಹಾಲು ಖಂಡಿತ ಬೇಡ.

ಇದನ್ನು ಅಗಲವಾದ ಸ್ಟೀಲಿನ ಡಬ್ಬಿಯಲ್ಲಿ ಎರಡು ಬೆರಳು ದಪ್ಪಕ್ಕೆ ಮೀರದಂತೆ ಸುರಿದು, ಮುಚ್ಚಿ, ಫ್ರಿಜ್ಜಿನ ಮೇಲಿನ ಅರೆಯಲ್ಲಿಡಿ. ಒಂದೂವರೆ ಗಂಟೆಯ ಹೊತ್ತಿಗೆ ಅಂಚು ಗಟ್ಟಿಯಾಗಿ ನಡುವೆ ಮೆತ್ತಗಿರುತ್ತದೆ. ಆಗ ಮುಳ್ಳುಚಮಚದಿಂದ ಅಂಚನ್ನು ಕೆರೆದು ನಡುವಿಗೆ ತಂದು ಚೆನ್ನಾಗಿ ಕಲಸಿ. ಅರ್ಧ ಗಂಟೆಗೊಮ್ಮೆ ಹೀಗೆ ಮೂರು ಸಲ ಮಾಡಬೇಕು. ಬೇಸರದ ಕೆಲಸವೆನ್ನಬೇಡಿ, ರುಚಿಯ ಗುಟ್ಟೆಲ್ಲ ಇದರಲ್ಲೇ ಇದೆ. ಸುಮ್ಮನೆ ಬಿಟ್ಟರೆ ನೀರಿನ ಹರಳುಗಳು ದೊಡ್ಡದಾಗಿ ಬೆಳೆದು, ಹಲ್ಲಿಗೆ ಕಲ್ಲಿನಂತೆ ಸಿಗುತ್ತವೆ. ಕಲಸಿದಾಗ ಹರಳು ಮುರಿದು ಸಣ್ಣದಾಗುತ್ತವೆ, ತಿನಿಸು ಬೆಣ್ಣೆಯಂತಾಗುತ್ತದೆ. ಸಕ್ಕರೆಯ ಕೆಲಸವೂ ಇಲ್ಲಿ ಸಿಹಿಯಷ್ಟೇ ಅಲ್ಲ. ಸಕ್ಕರೆ ಕರಗಿದ ದ್ರವ ಶೂನ್ಯ ಡಿಗ್ರಿಗೆ ಪೂರ್ತಿ ಹೆಪ್ಪುಗಟ್ಟದೆ ಸ್ವಲ್ಪ ಮೆತ್ತಗೆ ಉಳಿಯುತ್ತದೆ. ತಣ್ಣಗಿನ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆಂಬುದೂ ನಿಜ. ಅಂಗಡಿಯವರು ಕೈಬಿಚ್ಚಿ ಸಕ್ಕರೆ ಸುರಿಯುವುದು ಅದಕ್ಕೇ. ಮನೆಯಲ್ಲಿ ನೀವು ಆ ಸ್ಪರ್ಧೆಗೆ ಇಳಿಯಬೇಕಾಗಿಲ್ಲ. ಹಣ್ಣು ಕಳಿತಿದ್ದರೆ ಅದೇ ಸಾಕು.

ಮಾವು ದುಬಾರಿ ಎನ್ನುವವರಿಗೆ ಬಾಳೆ ಇದೆ, ಮತ್ತು ನನ್ನ ಮಟ್ಟಿಗೆ ಅದೇ ಮೇಲು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದು, ಇನ್ನು ಯಾರೂ ಮುಟ್ಟುವುದಿಲ್ಲ ಎನ್ನುವ ಹಣ್ಣೇ ಇದಕ್ಕೆ ಶ್ರೇಷ್ಠ. ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ನಾಲ್ಕೈದು ಗಂಟೆ ಗಟ್ಟಿಯಾಗಿಸಿ, ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸಿ. ಮೊದಲು ಪುಡಿಪುಡಿಯಾಗುತ್ತದೆ, ನಿಲ್ಲಿಸಬೇಡಿ. ಒಂದೆರಡು ನಿಮಿಷದಲ್ಲಿ ಹಾಲಿಲ್ಲದೆ, ಸಕ್ಕರೆಯಿಲ್ಲದೆ ಐಸ್ ಕ್ರೀಮಿನಷ್ಟೇ ನುಣುಪಾಗುತ್ತದೆ. ಪರಂಗಿ, ಸಪೋಟ ಬೆರೆಸಬಹುದು. ಕಲ್ಲಂಗಡಿ, ಕರಬೂಜ ನೀರೇ ಹೆಚ್ಚಿರುವ ಹಣ್ಣುಗಳಾದ್ದರಿಂದ ಒಂಟಿಯಾಗಿ ಹೆಪ್ಪುಗಟ್ಟಿಸಿದರೆ ಇಟ್ಟಿಗೆಯಂತಾಗುತ್ತವೆ. ಅರ್ಧಕ್ಕರ್ಧ ಬಾಳೆ ಸೇರಿಸಿ, ಇಲ್ಲವೇ ಗಟ್ಟಿಯಾದದ್ದನ್ನು ಚಮಚದಿಂದ ತುರಿದು ನಿಂಬೆರಸ ಹಿಂಡಿ ತಿನ್ನಿ. ಕಲ್ಲಂಗಡಿಗೆ ಸೂಜಿಯಿಂದ ಕೆಂಪು ಬಣ್ಣ ಚುಚ್ಚುತ್ತಾರೆಂದು ಪ್ರತಿ ಬೇಸಿಗೆ ಗುಲ್ಲೇಳುತ್ತದೆ. ಚುಚ್ಚಿದ ಬಣ್ಣ ಅಷ್ಟು ದೊಡ್ಡ ಹಣ್ಣಿನಲ್ಲಿ ಒಂದೇ ಸಮನೆ ಹರಡುವುದು ಕಷ್ಟ, ತೂತು ಬಿದ್ದ ಹಣ್ಣು ಬೇಗ ಕೊಳೆಯುತ್ತದೆ. ನಾನಾದರೆ ಆ ಸೂಜಿಗಿಂತ, ಹೆಚ್ಚಿ ನೊಣ ಮುತ್ತುವಂತೆ ಇಟ್ಟ ಹೋಳಿಗೆ, ತೊಳೆಯದ ಸಿಪ್ಪೆಯ ಮೇಲಿಂದ ಒಳಗಿಳಿಯುವ ಚಾಕುವಿಗೆ ಹೆಚ್ಚು ಹೆದರುತ್ತೇನೆ. ಇಡೀ ಹಣ್ಣು ತನ್ನಿ, ಸಿಪ್ಪೆ ತೊಳೆದೇ ಕೊಯ್ಯಿರಿ.

ಫ್ರಿಜ್ಜಿಗೆ ಕನ್ನಡದಲ್ಲಿ 'ತಂಗಳು ಪೆಟ್ಟಿಗೆ' ಎಂದು ಯಾರೋ ಹೆಸರಿಟ್ಟಿದ್ದಾರೆ. ತಮಾಷೆಗೆ ಇಟ್ಟದ್ದಾದರೂ ಎಚ್ಚರಿಕೆಯ ಹೆಸರದು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗಿ ಯಾವಾಗ ಬರುತ್ತದೆಂದು ಹೇಳಲಾಗದು. ಊರಿಗೆ ಹೋಗಿ ಬರುವಷ್ಟರಲ್ಲಿ ಡಬ್ಬಿಯಲ್ಲಿದ್ದದ್ದು ಕರಗಿ ಮತ್ತೆ ಗಟ್ಟಿಯಾಗಿರಬಹುದು, ನೋಡಿದರೆ ತಿಳಿಯದು. ಅದಕ್ಕೊಂದು ಉಪಾಯವಿದೆ. ಒಂದು ಸಣ್ಣ ಲೋಟದಲ್ಲಿ ನೀರು ಗಟ್ಟಿಯಾಗಿಸಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಮೇಲಿನ ಅರೆಯಲ್ಲೇ ಬಿಡಿ. ಮರಳಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲವೂ ಕರಗಿತ್ತೆಂದೇ ಅರ್ಥ; ಡಬ್ಬಿಯನ್ನು ಖಾಲಿಮಾಡಿ. ಹೇಗೂ ಮನೆಯ ಹಣ್ಣಿನ ಐಸನ್ನು ಎರಡು ಮೂರು ದಿನದೊಳಗೆ ಮುಗಿಸುವುದು ಒಳ್ಳೆಯದು. ಮಕ್ಕಳಿರುವ ಮನೆಯಲ್ಲಿ ಅಷ್ಟು ದಿನ ಉಳಿಯುವುದೂ ಇಲ್ಲವೆನ್ನಿ.

ಫ್ರಿಜ್ ಇಲ್ಲದ ಮನೆಗಳನ್ನು ಮರೆತು ಬರೆದರೆ ಈ ಲೇಖನ ಅರ್ಧವಾದೀತು. ಮಣ್ಣಿನ ಗಡಿಗೆ ನಮ್ಮ ಒಣ ಸೆಕೆಯಲ್ಲಿ ಮಂಗಳೂರಿನವರ ಗಡಿಗೆಗಿಂತ ಚೆನ್ನಾಗಿ ನೀರು ತಣಿಸುತ್ತದೆ, ಏಕೆಂದರೆ ಗಾಳಿ ಒಣಗಿದಷ್ಟೂ ಗಡಿಗೆಯ ಮೈಯ ನೀರು ಬೇಗ ಆವಿಯಾಗುತ್ತದೆ. ಆದರೆ ಅದು ಹೆಪ್ಪುಗಟ್ಟಿಸಲಾರದು. ಅದಕ್ಕೆ ಕುಲ್ಫಿಯವರ ವಿದ್ಯೆಯೇ ಬೇಕು. ಮೂರು ಪಾಲು ಒಡೆದ ಐಸಿಗೆ ಒಂದು ಪಾಲು ಹರಳುಪ್ಪು ಬೆರೆಸಿದರೆ ಆ ಮಿಶ್ರಣ ಶೂನ್ಯಕ್ಕಿಂತ ಕೆಳಗಿಳಿದು ಮೈನಸ್ 20 ಡಿಗ್ರಿಯ ಹತ್ತಿರ ಹೋಗಬಲ್ಲದು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಣ್ಣಿನ ತಿರುಳು ತುಂಬಿ, ಮುಚ್ಚಳದ ಸುತ್ತ ಕಲಸಿದ ಹಿಟ್ಟು ಮೆತ್ತಿ, ಬಕೆಟ್ಟಿನಲ್ಲಿ ಆ ಐಸಿನ ನಡುವೆ ಹೂತಿಟ್ಟು ಅತ್ತಿತ್ತ ತಿರುಗಿಸುತ್ತಿರಿ. ಮುಕ್ಕಾಲು ಗಂಟೆಗೆಲ್ಲ ಗಟ್ಟಿಯಾಗುತ್ತದೆ. ಕಾರ್ಖಾನೆಯ ಗಡ್ಡೆಗೆ ನಮ್ಮ ಮನೆಯಲ್ಲಿ ಕೊಡಬಹುದಾದ ಜಾಗ ಇದೊಂದೇ: ಡಬ್ಬಿಯ ಹೊರಗೆ. ತೆರೆಯುವ ಮುನ್ನ ಹಿಟ್ಟು ಕಿತ್ತು, ಮುಚ್ಚಳವನ್ನು ಒರೆಸಿ, ಶುದ್ಧ ನೀರಿನಿಂದ ತೊಳೆಯಿರಿ. ಉಪ್ಪು ಬೆರೆತ ಐಸನ್ನು ಮಕ್ಕಳು ಕೈಯಲ್ಲಿ ಹಿಡಿದು ಆಡದಂತೆ ನೋಡಿಕೊಳ್ಳಿ, ಚರ್ಮ ಸುಟ್ಟಂತೆ ಬೊಬ್ಬೆ ಬರುತ್ತದೆ. ಐಸ್ ಒಂದು ಕಾಲಕ್ಕೆ ಈ ದೇಶಕ್ಕೆ ಹಡಗಿನಲ್ಲಿ ಬಂದ ಸರಕು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತೆಗೆ ಬಂತು. ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಅದಕ್ಕೆಂದೇ ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. ಕೆರೆಯಿಂದ ಕೊರೆದು ತಂದ ಆ ಗಡ್ಡೆಯ ನೀರು ಎಂಥದೆಂದು ಆಗಿನ ದೊರೆಗಳೂ ಕೇಳಿದಂತಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕಹಿ ಲೆಕ್ಕವನ್ನೂ ಕೊಡುತ್ತೇನೆ. 100 ಗ್ರಾಂ ಐಸ್ ನಿಮ್ಮ ಹೊಟ್ಟೆಯಲ್ಲಿ ಕರಗಿ ಮೈಬಿಸಿಗೆ ಬರಲು ಹೀರಿಕೊಳ್ಳುವ ಶಾಖ ಸುಮಾರು 12 ಕಿಲೋಕ್ಯಾಲೊರಿ. ಅದಕ್ಕೆ ಬೆರೆಸಿದ ಎರಡು ಚಮಚ ಸಕ್ಕರೆ ನಿಮಗೆ ಕೊಡುವುದು 40. ಅಂದರೆ ತಂಪೆಂಬುದು ಹೆಚ್ಚಾಗಿ ನಾಲಿಗೆಯ ಸುಖ. ಮೈಯನ್ನು ನಿಜವಾಗಿ ತಣಿಸುವುದು ಬೆವರು. ಒಂದು ಲೀಟರ್ ಬೆವರು ಆವಿಯಾದರೆ 580 ಕಿಲೋಕ್ಯಾಲೊರಿಯಷ್ಟು ಶಾಖ ಹೊರಹೋಗುತ್ತದೆ. ಆ ಬೆವರಿಗೆ ನೀರು ಬೇಕು, ಉಪ್ಪು ಬೇಕು. ಕೆರೆಯ ಹೂಳೆತ್ತುವವರು, ಇಟ್ಟಿಗೆ ಹೊರುವವರು, ಹಟ್ಟಿಯ ಗಣಿಯಲ್ಲಿ ದುಡಿಯುವವರು ಮಾವಿನ ಐಸಿನಿಂದ ಚೇತರಿಸಿಕೊಳ್ಳಲಾರರು. ಅವರಿಗೆ ಮಜ್ಜಿಗೆ, ಅಂಬಲಿ, ಉಪ್ಪು ಹಾಕಿದ ನಿಂಬೆ ಪಾನಕ ಬೇಕು. ಭೇದಿಯಾದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಿಸಿಲಿಗೆ ಕುಸಿದು ಪ್ರಜ್ಞೆ ತಪ್ಪಿದವರ ಬಾಯಿಗೆ ಐಸನ್ನಾಗಲಿ ನೀರನ್ನಾಗಲಿ ಹಾಕಬಾರದು. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಿರಿ.

ಸಕ್ಕರೆ ಕಾಯಿಲೆಯವರು ಕೇಳುವ ಮುನ್ನವೇ ಹೇಳುತ್ತೇನೆ. 100 ಗ್ರಾಂ ಮಾವಿನ ತಿರುಳಿನಲ್ಲಿ 14 ಗ್ರಾಂನಷ್ಟು ಸಕ್ಕರೆ ಹುಟ್ಟಿನಿಂದಲೇ ಇದೆ. ಸಣ್ಣ ಬಟ್ಟಲು ತಿನ್ನಬೇಕೆನಿಸಿದರೆ ಅಂದಿನ ಅನ್ನದಲ್ಲಿ ಕಡಿಮೆ ಮಾಡಿಕೊಂಡು, ನಿಮ್ಮ ವೈದ್ಯರ ಮಾತು ಕೇಳಿ ತಿನ್ನಿ. ಮೇಲಿಂದ ಸಕ್ಕರೆ ಬೇಡವೇ ಬೇಡ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಬಾಳೆಯ ಪೊಟ್ಯಾಸಿಯಂ ಅಪಾಯಕಾರಿ. ವರ್ಷ ತುಂಬದ ಕೂಸಿಗೆ ಜೇನು ಬೆರೆಸಿ ಕೊಡಬೇಡಿ. ಉಳಿದವರು ಊಟವಾದ ಮೇಲೆ ಒಂದು ಬಟ್ಟಲಿಗೆ ನಿಲ್ಲಿಸಿದರೆ ಸರಿ. ಗಬಗಬನೆ ತಿಂದರೆ ಹಣೆ ಹಿಡಿದಂತಾಗುವ ನೋವು ಅರೆ ನಿಮಿಷದಲ್ಲಿ ತಾನೇ ಹೋಗುತ್ತದೆ, ಅದಕ್ಕೆ ಗುಳಿಗೆ ಬೇಡ.

ಅಂಗಡಿಯಿಂದ ತರಲೇಬೇಕಾಗಿ ಬಂದರೆ ಪೊಟ್ಟಣ ಒಡೆಯದ ಸರಕು ತನ್ನಿ, ಮತ್ತು ಕನ್ನಡಕ ಹಾಕಿಕೊಂಡು ಹೆಸರು ಓದಿ. ಹಾಲಿನ ಕೊಬ್ಬಿನಿಂದ ಮಾಡಿದ್ದು ಐಸ್ ಕ್ರೀಂ. ವನಸ್ಪತಿ ಎಣ್ಣೆಯಿಂದ ಮಾಡಿದ್ದಾದರೆ 'ಫ್ರೋಜನ್ ಡೆಸರ್ಟ್' ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಎರಡೂ ವಿಷವಲ್ಲ, ಆದರೆ ಯಾವುದಕ್ಕೆ ಹಣ ಕೊಡುತ್ತಿದ್ದೀರೆಂದು ನಿಮಗೆ ಗೊತ್ತಿರಬೇಕು.

ಮಾವು ಮುಗಿದ ಮೇಲೆ ಜೂನಿನ ಮೊದಲ ಮಳೆಯೊಡನೆ ನೇರಳೆ ಬರುತ್ತದೆ. ಅದರ ತಿರುಳನ್ನು ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲದೊಡನೆ ಹೀಗೆಯೇ ಗಟ್ಟಿಯಾಗಿಸಿ ನೋಡಿ. ಮಕ್ಕಳ ನಾಲಿಗೆ ನೇರಳೆ ಬಣ್ಣವಾಗುತ್ತದೆ, ಗಾಡಿಯವನ ಐಸಿನಿಂದ ಆಗುತ್ತಿತ್ತಲ್ಲ, ಹಾಗೆಯೇ. ಬೀಜ ಮಾತ್ರ ಮೊದಲೇ ತೆಗೆದುಬಿಡಿ.